ಹೆಕ್ಕುವ ಕೆಲಸ

ಕುಶಾಲನಗರದ ಕ್ಯೂರಿಂಗಿನಲ್ಲಿ ಇಪ್ಪತ್ತೊಂದು ವರ್ಷ
ಹಲ್ಲರ್ ಮಿಷನ್ನಿಗೆ ಬೆನ್ನು ಕೊಟ್ಟು ಕೂತು
ಕಾಫಿಬೀಜ ಹೆಕ್ಕಿದವಳು ನಾನು.
ಕಪ್ಪು, ಒಡಕು, ಹುಳ ಕೊರೆದದ್ದು
ಬೆರಳಿಗೆ ಮೊದಲು ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ.

ಕಿವಿ ಯಾವತ್ತು ಹೋಯಿತೋ ಲೆಕ್ಕವಿಟ್ಟಿಲ್ಲ.
ಮೊದಲು ಕುಕ್ಕರಿನ ವಿಸಿಲ್ಲು, ಆಮೇಲೆ ಜೀರುಂಡೆ,
ಆಮೇಲೆ ಪಕ್ಕದ ಚೋಂದವ್ವ ಪಿಸುಗುಟ್ಟುತ್ತಿದ್ದುದೆಲ್ಲ.
ಕೂಗಿ ಹೇಳಿದರೆ ಅದೆಂಥ ಗುಟ್ಟು ಎಂದು
ಅವಳು ಹೇಳುವುದನ್ನೇ ಬಿಟ್ಟಳು.

ಮೈಸೂರಿನಲ್ಲಿ ಕೊಟ್ಟ ಮಿಷನ್ನು ಬಲಗಿವಿಗೆ.
ಚಮಚ, ಲಾರಿ, ನಾದಿನಿಯ ನಗು
ಎಲ್ಲವನ್ನೂ ಒಂದೇ ಗೋಣಿಗೆ ತುಂಬುತ್ತದೆ ಅದು.
ಜೂನ್ ಬಂತೋ, ನನಗಿಂತ ಮೊದಲು ಅದಕ್ಕೆ ಶೀತ.
ರಾತ್ರಿ ಅಕ್ಕಿಡಬ್ಬಿಯಲ್ಲಿ ಬೆಚ್ಚಗೆ ಮಲಗಿಸಬೇಕು.

ಮೊಬೈಲ್ ಅಂಗಡಿಯ ಶಮೀಲ್ ಒಂದು ಆಪ್ ಹಾಕಿಕೊಟ್ಟ.
"ಮಾತಾಡಿದ್ದನ್ನು ಬರೆಯುತ್ತೆ ಆಂಟಿ, ದುಡ್ಡಿಲ್ಲ."
ಅವನ ಮಾತೇ ನಾನು ಓದಿದ ಮೊದಲ ಮಾತು:
ಬರೆಯುತ್ತೆ ಆಂಟಿ ದುಡ್ಡಿಲ್ಲ.

ಗ್ಯಾಸ್ ಏಜೆನ್ಸಿಯ ಹುಡುಗಿ ಫೋನಿನಲ್ಲಿ
ಕೇಳಿಸ್ತಿದೆಯಾ ಮೇಡಂ ಕೇಳಿಸ್ತಿದೆಯಾ
ಎಂದು ಪರದೆ ತುಂಬ ಸಾಲು ಹಚ್ಚಿದಳು.
ಇಲ್ಲಮ್ಮ, ಓದಿಸ್ತಿದೆ ಎಂದೆ.
ಆಕೆ ಫೋನಿಟ್ಟಳು. ಸಿಲಿಂಡರ್ ಮಾತ್ರ ಬಂತು.

ಸದ್ದಿಗೂ ಹೆಸರು ಬರೆಯುತ್ತದೆ ಇದು.
ನಾಯಿ ಬೊಗಳಿದರೆ ನಾಯಿ. ಸರಿ.
ತಗಡಿನ ಮೇಲೆ ಬೀಜ ಸುರಿದೆ, ಚಪ್ಪಾಳೆ ಎಂದಿತು.
ಅಷ್ಟು ವರ್ಷದ ಕೆಲಸಕ್ಕೆ
ಇರಲಿ ಅಂದುಕೊಂಡೆ.

ಬರದೇ ಇರುವುದು ನಮ್ಮ ಕೊಡವ ತಕ್ಕ್.
ಚಿಟ್ಟಿಯಪ್ಪ ಕೂಳ್ ಎಂದರೆ ಕೂಲ್ ಎನ್ನುತ್ತದೆ.
ಪಂದಿ ಕರಿ ಎಂದರೆ ಪಂದ್ಯ ಕರಿ.
ಪುತ್ತರಿ ಬಂತು ಎಂದಾಗ
ಪುತ್ರಿ ಬಂತು ಎಂದು ಬರೆದು ಕಾದಿತು.
ಇಬ್ಬರೂ ಓದಿದೆವು.
ನಮ್ಮ ಮನೆಯಲ್ಲಿ ಆ ಮಾತನ್ನು
ಅಷ್ಟು ಧೈರ್ಯವಾಗಿ ಯಾರೂ ಆಡಿರಲಿಲ್ಲ.
ಅವರು ಎದ್ದು ನೀರು ಕುಡಿದರು.

ಆವತ್ತಿನಿಂದ ಫೋನಿಗೆ ತಿಳಿಯಲೆಂದು
ಊಟದ ಮೇಜಿನಲ್ಲಿ ಕನ್ನಡ ಶುರುಮಾಡಿದರು.
ಅದೂ ಎಂಥ ಕನ್ನಡ, ಇಲಾಖೆಯ ಸುತ್ತೋಲೆಯಂಥದ್ದು:
ಉಪ್ಪು ಸ್ವಲ್ಪ ಕಡಿಮೆ ಇರುತ್ತದೆ.
ನಾಳೆ ಬೆಳಿಗ್ಗೆ ನಾನು ಬೇಗ ಹೊರಡುತ್ತೇನೆ.
ಒಂದಕ್ಷರ ತಪ್ಪಿಲ್ಲ.
ಹದಿನಾರು ದಿನ ಸಹಿಸಿದೆ.
ಮನೆಗೆ ಯಾರೋ ಸಾಹೇಬರು ಬಂದು ಉಂಡು
ಥ್ಯಾಂಕ್ಸ್ ಹೇಳಿ ಮಲಗಿದ ಹಾಗೆ.

ಹದಿನೇಳನೆಯ ದಿನ ಸಾರಿನ ಸೌಟು ಹಿಡಿದೇ ಹೇಳಿದೆ:
ನಿಮ್ಮ ಬಾಯಲ್ಲಿ ಬರುವುದನ್ನೇ ಆಡಿ.
ಅದು ತಪ್ಪು ಬರೆಯಲಿ. ಕಪ್ಪು, ಒಡಕು, ಹುಳ ಕೊರೆದದ್ದು
ಎಷ್ಟು ಬೇಕಾದರೂ ಸುರಿಯಲಿ.
ಹೆಕ್ಕುವುದು ನನಗೆ ಗೊತ್ತಿಲ್ಲವೇ?

ಅವರು ಲೈನ್‌ಮನ್.
ಮಳೆಗಾಲದಲ್ಲಿ ಮರ ಬಿದ್ದ ಕಡೆಗೆಲ್ಲ
ಬೆಳಗಾಗುವ ಮುಂಚೆ ಏಣಿ ಹೊತ್ತು ಹೋಗುವವರು.
ಬಾಗಿಲಲ್ಲಿ ನಿಂತು ಮದುವೆಯಾದಂದಿನಿಂದ ಹೇಳುವುದು ಒಂದೇ:
ಪೋಯಿತ್ ಬಪ್ಪಿ. ಹೋಗಿ ಬರುತ್ತೇನೆ ಅಂತ.
ಇವತ್ತು ಫೋನು ಬರೆದದ್ದು
ಹೋಯಿತು ಬಪ್ಪ.

ಕರೆಂಟು ಹೋದಾಗ ಇಡೀ ಊರು ಅವರಿಗೆ ಫೋನು ಮಾಡಿ
ಹೇಳುವ ಮಾತು ಅದು. ಹೋಯಿತು.
ಎದೆ ಒಮ್ಮೆ ಝಲ್ಲೆಂದಿತು, ಸುಳ್ಳೇಕೆ.
ಆಮೇಲೆ ಆ ಎರಡು ಪದವನ್ನು ಹೆಕ್ಕಿ ನೋಡಿದೆ,
ಒಳಗೆ ಬೀಜ ಗಟ್ಟಿಯೇ ಇತ್ತು.

ಪೋಯಿತ್ ಬಾ ಎಂದೆ.
ನನ್ನ ದನಿಯ ಅಳತೆ ನನಗೆ ಸಿಗುವುದಿಲ್ಲ,
ಆಚೆಮನೆಯ ಕಿಟಕಿಯಲ್ಲಿ ದೀಪ ಹತ್ತಿತು.
ಅವರು ಗೇಟಿನ ಹತ್ತಿರ ತಿರುಗಿ ನಕ್ಕರು,
ಹೆಗಲ ಮೇಲಿನ ಏಣಿಯೂ ಜೊತೆಗೇ ತಿರುಗಿತು.

ಕೈಯಲ್ಲಿದ್ದ ಫೋನು ನನ್ನ ಮಾತನ್ನೂ ಬರೆದುಕೊಂಡಿತ್ತು:
ಹೋಯಿತು, ಬಾ.